ವಾಚ್‌ಮನ್ ಮನೆಗೆ ಮೂರು ಚುನಾವಣೆ

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ ಚುನಾವಣೆ ಬಂತೆಂದರೆ ಏನಾದರೊಂದು ಅವಾಂತರ ಆಗಿಯೇ ತೀರುತ್ತದೆ. ಈ ಸಲ ಅದಕ್ಕೆ ಸಿಕ್ಕಿಕೊಂಡಿದ್ದು ವಾಚ್‌ಮನ್ ಸಂಸಾರ. ಮೆಟ್ಟಿಲ ಕೆಳಗಿನ ಅವರ ರೂಮು ಖಾಲಿ ಮಾಡಿಸಿ ಜಿಮ್ ಮಾಡಬೇಕೆಂದು ಅಧ್ಯಕ್ಷರ ಹಟ. ಬೇಡವೆಂದು ಅವರೆದುರು ಇಬ್ಬರು ನಿಂತರು: ಮೂರನೇ ಮಹಡಿಯ ಡಾಕ್ಟರಮ್ಮ, ಒಂದನೇ ಮಹಡಿಯ ರಿಟೈರ್ಡ್ ಮೇಷ್ಟ್ರು. ನಾನು ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುವವನು. ಆದರೂ ಇದರಲ್ಲಿ ಮುಕ್ಕಾಲು ಪಾಲು ನಿಜ.

೧. ಕೈ ಎತ್ತಿ

ಬೇಸ್‌ಮೆಂಟಿನಲ್ಲಿ ಸಭೆ. ಅಧ್ಯಕ್ಷರು ಎದುರಿಗೇ ನಿಂತು, "ನನಗೆ ಓಟು ಹಾಕೋರು ಕೈ ಎತ್ತಿ" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಮ್ಮ ಬೋರ್‌ವೆಲ್ ಬತ್ತಿದೆ. ಟ್ಯಾಂಕರ್ ನೀರನ್ನು ಯಾವ ಮನೆಗೆ ಯಾವಾಗ ಬಿಡಬೇಕು ಅಂತ ವಾಲ್ವ್ ತಿರುಗಿಸುವವರು ಅವರೇ. ಎಲ್ಲರ ಕೈ ಎದ್ದಿತು. ಡಾಕ್ಟರಮ್ಮನ ಗಂಡನದೂ ಎದ್ದಿತು.

"ಏನ್ರೀ ಇದು?" ಎಂದು ಡಾಕ್ಟರಮ್ಮ ಗದರಿದರೆ, ಆತ ಕೈ ಇಳಿಸದೆಯೇ ಹೇಳಿದ: "ತಲೆಗೆ ಎಣ್ಣೆ ಹಚ್ಕೊಂಡಿದ್ದೀನಿ ಕಣೇ."

೨. ಚೀಟಿ ಹಾಕಿ

"ಇದು ಅನ್ಯಾಯ, ಗುಟ್ಟಾಗಿ ಹಾಕೋಣ" ಎಂದರು ಮೇಷ್ಟ್ರು.

"ಹೇಗಾದ್ರೂ ಹಾಕ್ಕೊಳ್ಳಿ, ಗೆಲ್ಲೋದು ನಾನೇ" ಎಂದರು ಅಧ್ಯಕ್ಷರು.

ಮುಂದಿನ ಭಾನುವಾರ ನಮ್ಮ ಮನೆ ಇಡ್ಲಿ ಕುಕ್ಕರಿಗೆ ಚೀಟಿ ಹಾಕಿದೆವು. ಜಿಮ್ ಬೇಡವೆಂದವರೇ ಹೆಚ್ಚು. ಆದರೆ ಅವರ ಓಟು ಡಾಕ್ಟರಮ್ಮನಿಗೆ ಅರ್ಧ, ಮೇಷ್ಟ್ರಿಗೆ ಅರ್ಧ ಹಂಚಿಹೋಗಿ ಅಧ್ಯಕ್ಷರೇ ಗೆದ್ದರು.

"ನೀವು ಹಿಂದೆ ಸರೀಬೇಕಿತ್ತು ಮೇಡಂ."

"ಯಾಕೆ, ನೀವೇ ಸರೀಬಹುದಿತ್ತಲ್ಲ ಸಾರ್?"

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ವಾಚ್‌ಮನ್‌ಗೆ ಹೀಗಾಗಬಾರದಿತ್ತು ಅನ್ನುವುದೊಂದನ್ನು ಮಾತ್ರ ಇಬ್ಬರೂ ಒಪ್ಪಿದರು. ಅದನ್ನೂ ಒಬ್ಬರಿಗೊಬ್ಬರು ಹೇಳಿ ಕಳಿಸಿದ್ದು ವಾಚ್‌ಮನ್ ಕೈಲೇ.

೩. ಮಾರ್ಕ್ಸ್ ಕೊಟ್ಟು

ಆಗ ನಾನು ಎದ್ದೆ. "ಒಬ್ಬರಿಗೇ ಯಾಕೆ ಓಟು? ಎಲ್ಲರಿಗೂ ರ‍್ಯಾಂಕ್ ಕೊಡೋಣ. ಒಂದನೇ ರ‍್ಯಾಂಕಿಗೆ ಮೂರು ಮಾರ್ಕ್ಸ್, ಎರಡನೇದಕ್ಕೆ ಎರಡು, ಮೂರನೇದಕ್ಕೆ ಒಂದು, ಕೊನೇದಕ್ಕೆ ಸೊನ್ನೆ. ಒಟ್ಟು ಯಾರಿಗೆ ಜಾಸ್ತಿಯೋ ಅವರು ಅಧ್ಯಕ್ಷರು." ಎರಡು ಸಲ ಗೆದ್ದ ಹುಮ್ಮಸ್ಸಿನಲ್ಲಿ ಅಧ್ಯಕ್ಷರು ಇದಕ್ಕೂ ಸೈ ಎಂದರು. ಗಮ್ಮತ್ತಿಗೆಂದು ನಾನೂ ನಿಂತೆ.

ಎಲ್ಲರೂ ತಮ್ಮವರಿಗೆ ಒಂದನೇದು ಕೊಟ್ಟರು. ಎರಡನೇದನ್ನು ಆಗದವರಿಗೆ ಕೊಡಲು ಮನಸ್ಸಿಲ್ಲ. "ಇವನಂತೂ ಗೆಲ್ಲಲ್ಲ" ಎಂದು ನನಗೆ ಕೊಟ್ಟರು. ಕೂಡಿ ನೋಡಿದರೆ ನಾನೇ ಅಧ್ಯಕ್ಷ! ನನ್ನನ್ನು ಬಿಟ್ಟು ಯಾರೊಬ್ಬರೂ ನನಗೆ ಒಂದನೇ ರ‍್ಯಾಂಕ್ ಕೊಟ್ಟಿರಲಿಲ್ಲ.

"ನೀನೂನಾ?" ಎಂದೆ ಹೆಂಡತಿಗೆ.

"ಮತ್ತೆ? ಒಂದನೇದು ಕೊಟ್ಟು, ನೀವು ಗೆದ್ದುಬಿಟ್ಟಿದ್ರೆ ಏನ್ ಗತಿ?"

ಮೆಟ್ಟಿಲ ಹತ್ತಿರ ಓಡಿದೆ. ವಾಚ್‌ಮನ್ ಹಾಸಿಗೆ ಸುತ್ತಿ ಹಗ್ಗ ಕಟ್ಟುತ್ತಿದ್ದ.

"ಬಿಚ್ಚಪ್ಪಾ! ಈಗ ನಾನೇ ಅಧ್ಯಕ್ಷ. ನೀನು ಇಲ್ಲೇ ಇರು."

ಹಿಂದೊಮ್ಮೆ, ಲಿಫ್ಟ್ ಮಾರಿಬಿಟ್ಟಿದ್ದಾರೆ ಎಂದು ನಾನು ತಮಾಷೆಗೆ ಹೇಳಿದ್ದನ್ನು ನಂಬಿ, ಒಂದು ಬೆಳಗ್ಗೆಯೆಲ್ಲ ಯಾರನ್ನೂ ಅದರೊಳಗೆ ಬಿಡದೆ ಕಾದಿದ್ದ ಮನುಷ್ಯ. ನನ್ನನ್ನೇ ನೋಡಿದ. ಹಗ್ಗ ಇನ್ನೊಂದು ಸುತ್ತು ಬಿಗಿದ.

"ಸಾರ್, ಒಳಗೆ ಹೆಂಡ್ತಿ ಅಳ್ತಾ ಇದ್ದಾಳೆ. ಇವತ್ತೊಂದಿನ ತಮಾಷೆ ಬೇಡ. ಈ ತುದಿ ಸ್ವಲ್ಪ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಅಧ್ಯಕ್ಷನಾಗಿ ನಾನು ಮಾಡಿದ ಮೊದಲ ಕೆಲಸ ಅದೇ.