ಆಲ್ದೂರಿನ ಜನಾಭಿಪ್ರಾಯ, ಒಂದು ಇಂಚು ನಲವತ್ತು ಸೆಂಟ್ಸ್

ಆಲ್ದೂರಿನ ಬಸ್ ನಿಲ್ದಾಣವನ್ನು ಊರಾಚೆಗೆ ಸಾಗಿಸಲು ಎರಡೂವರೆ ಕೋಟಿ ರೂಪಾಯಿ ಮಂಜೂರಾಗಿತ್ತು. ಜನರ ಬೆಂಬಲವಿದ್ದರೆ ಮಾತ್ರ ಖರ್ಚು ಮಾಡತಕ್ಕದ್ದು ಎಂಬ ಷರತ್ತೂ ಇತ್ತು. ಜನರನ್ನು ಕೇಳಲು ಜನರ ಬಳಿಗೇ ಹೋಗುವುದು ಹಳೆಯ ಪದ್ಧತಿಯಾದ್ದರಿಂದ, ಚಿಕ್ಕಮಗಳೂರಿನಲ್ಲಿ ಹೊಸದಾಗಿ ತೆರೆದಿದ್ದ ಜನಮನ ಮಾಪನ ಕೋಶವು ವಾಟ್ಸಾಪ್ ಗುಂಪುಗಳನ್ನು ಓದಿ ವರದಿ ಸಲ್ಲಿಸಬೇಕೆಂದು ಆದೇಶವಾಯಿತು.

ನಿಲ್ದಾಣದ ಎದುರಿಗೇ ಚನ್ನಬಸವನ ಕಾಫಿ ಖರೀದಿ ಅಂಗಡಿ. ಸ್ಯಾಂಪಲ್ ಚೀಲ ಹಿಡಿದು ಬಸ್ಸಿಳಿದ ಬೆಳೆಗಾರ ರಸ್ತೆ ದಾಟಿದರೆ ಸಿಗುವುದು ಅವನ ತಕ್ಕಡಿಯೇ. ನಿಲ್ದಾಣ ಹೋದರೆ ವ್ಯಾಪಾರವೂ ಹೋದಂತೆ.

ಜುಲೈಯಲ್ಲಿ ಕೋಶದವರು ಆಲ್ದೂರು ಬೆಳೆಗಾರರ ಗುಂಪಿಗೆ ಸೇರಿ, "ಸ್ಥಳಾಂತರಕ್ಕೆ ನಿಮ್ಮ ಬೆಂಬಲ ಎಷ್ಟು?" ಎಂದು ಹಾಕಿದರು. ಬೆಳಿಗ್ಗೆ ಎದ್ದ ಬೆಳೆಗಾರರು ಅದನ್ನು ಓದದೆ, ಎಂದಿನಂತೆ ತಮ್ಮ ತಮ್ಮ ತೋಟದ ಮಳೆ ಲೆಕ್ಕ ಹಾಕಿದರು. ಒಬ್ಬರದು ಒಂದು ಇಂಚು, ಇಂಚಿಗೆ ನೂರು ಸೆಂಟ್ಸಿನ ಲೆಕ್ಕದಲ್ಲಿ ಒಬ್ಬರದು ಎಂಬತ್ತು ಸೆಂಟ್ಸ್, ಹಳ್ಳದಾಚೆಯ ಸುರೇಂದ್ರನದು ಎರಡೂವರೆ ಇಂಚು.

ವಾರದೊಳಗೆ ವರದಿ ಬಂತು: "ಆಲ್ದೂರಿನ ಸಾರ್ವಜನಿಕರು ಸ್ಥಳಾಂತರವನ್ನು ಸರಾಸರಿ ಒಂದು ಇಂಚು ನಲವತ್ತು ಸೆಂಟ್ಸ್ ಬೆಂಬಲಿಸಿರುತ್ತಾರೆ."

ಚನ್ನಬಸವ ಮೊದಲ ಬಸ್ಸಿಗೇ ಚಿಕ್ಕಮಗಳೂರಿಗೆ ಹೋಗಿ ಕೋಶದ ಅಧಿಕಾರಿ ತನುಜಾ ಅವರ ಮುಂದೆ ನಿಂತ.

"ಮೇಡಂ, ಅದು ಮಳೆ."

"ಮಳೆ ಬಗ್ಗೆ ನಾವು ಕೇಳೇ ಇಲ್ವಲ್ಲ ಸರ್. ನಿಯಮ ಏಳರ ಪ್ರಕಾರ, ಪ್ರಶ್ನೆ ಹಾಕಿದ ಮೇಲೆ ಒಂದು ದಿನದೊಳಗೆ ಬಂದ ಅಂಕಿಯೆಲ್ಲ ಅಭಿಪ್ರಾಯವೇ."

"ನಮಗಿಂತ ಹೆಚ್ಚು ಮಳೆ ಬೀಳೋ ಕಳಸದವ್ರಿಗೂ ಕೇಳಿದ್ರಾ?"

"ಜಿಲ್ಲೆಗೆಲ್ಲ ಒಂದೇ ಪ್ರಶ್ನೆ. ಕಳಸದಲ್ಲಿ ಐದು ಇಂಚು. ಬಹಳ ಜಾಗೃತ ಜನ. ವಸ್ತಾರೆಯವ್ರು ಸ್ವಲ್ಪ ಉದಾಸೀನ."

ಎದುರಿನವರ ತಕ್ಕಡಿಯನ್ನು ಸುಳ್ಳೆಂದು ವಾದಿಸಿ ಲಾಭ ಮಾಡಿದವರನ್ನು ಚನ್ನಬಸವ ಕಂಡಿರಲಿಲ್ಲ. ಅದೇ ತಕ್ಕಡಿಯಲ್ಲಿ ತೂಗುವುದೇ ಸರಿಯೆನಿಸಿತು. "ಹಾಗಾದ್ರೆ ಬೇಡ ಅನ್ನೋರು ಏನು ಮಾಡ್ಬೇಕು?"

"ಸೊನ್ನೆ ಬರಬೇಕು ಸರ್. ಮರುಮಾಪನಕ್ಕೆ ಅರ್ಜಿ ಕೊಡಬಹುದು."

ಊರಿಗೆ ಬಂದವನು ಸುರೇಂದ್ರನನ್ನು ಹಿಡಿದ. "ಒಂದೇ ಒಂದು ದಿನ ಸೊನ್ನೆ ಅಂತ ಹಾಕು ಮಾರಾಯ."

"ಹೊರಗೆ ಈ ನಮೂನೆ ಸುರೀತಿದೆ! ಓಟು ಯಾರಿಗೆ ಹಾಕ್ದೆ ಅಂತ ಬೇಕಾದ್ರೆ ಸುಳ್ಳು ಹೇಳ್ತೀನಿ ಚನ್ನಬಸಣ್ಣ. ಮಳೆ ಲೆಕ್ಕದಲ್ಲಿ ಹೇಳಿದ್ರೆ ನಾಳೆ ಊರಲ್ಲಿ ನನ್ನ ಯಾರು ನಂಬ್ತಾರೆ?"

ಮಾತು ನ್ಯಾಯವಾಗಿತ್ತು. ಚನ್ನಬಸವ ಮರುಮಾಪನವನ್ನು ಜನವರಿಯಲ್ಲಿ ನಡೆಸಬೇಕೆಂದೂ, ಆಗ ಕಾಫಿ ಕೊಯ್ಲಿರುವುದರಿಂದ ಜನರಿಗೆ ಯೋಚಿಸಲು ಸಾಕಷ್ಟು ಬಿಡುವಿರುತ್ತದೆಂದೂ ಅರ್ಜಿ ಬರೆದ. ಕೊಯ್ಲಿನ ಗಡಿಬಿಡಿ ಕಂಡಿರದ ಕೋಶ ಒಪ್ಪಿತು.

ಜನವರಿಯಲ್ಲಿ ಕಣದ ತುಂಬ ಕಾಫಿ ಒಣಗುತ್ತಿತ್ತು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಪ್ರಶ್ನೆ ಮತ್ತೆ ಬಂತು. ಉಳಿದದ್ದು ಒಂದೇ ಅಪಾಯ: ದಿನಾ ಬೆಳಿಗ್ಗೆ ಗುಂಪಿಗೆ ಕಾಫಿ ರೇಟು ಹಾಕುವವನು ಚನ್ನಬಸವನೇ. ಮೂಟೆಗೆ ಇಪ್ಪತ್ತೇಳು ಸಾವಿರ ಎಂದು ಹಾಕಿದರೆ ಅಷ್ಟು ಇಂಚು ಬೆಂಬಲವೆಂದು ಬರೆದುಕೊಂಡು ನಿಲ್ದಾಣವನ್ನು ದೂರದ ಕಡೂರಿನವರೆಗೂ ಒಯ್ಯುವ ಸಂಭವವಿತ್ತು. ಅವನು ಪ್ರಕಟಣೆ ಹಾಕಿದ: "ಊರಿನ ಹಿತದೃಷ್ಟಿಯಿಂದ ಇಂದು ಯಾರೂ ಯಾವುದೇ ಅಂಕಿ ಹಾಕತಕ್ಕದ್ದಲ್ಲ. ರೇಟನ್ನು ಅಂಗಡಿಯಲ್ಲೇ ಕೇಳತಕ್ಕದ್ದು."

ಸುರೇಂದ್ರ ಬಂದು ಕೇಳಿದ. "ಇವತ್ತು ಎಷ್ಟು ಚನ್ನಬಸಣ್ಣ?"

"ನಿನ್ನೇದೇ."

"ಊರಿಗೋಸ್ಕರ ಇಷ್ಟೂ ಮಾಡದಿದ್ರೆ ಹೇಗೆ? ಇಳಿಸ್ಕೊಳ್ಳಿ ಮೂಟೆ."

ಕೋಶದ ಅಂತಿಮ ವರದಿ ಹೀಗಿತ್ತು: "ಆಲ್ದೂರಿನಲ್ಲಿ ಪ್ರಸ್ತುತ ಜನಾಭಿಪ್ರಾಯ ಇರುವುದಿಲ್ಲ. ಸದರಿ ಹಣವನ್ನು ಐದು ಇಂಚು ಬೆಂಬಲವಿರುವ ಕಳಸಕ್ಕೆ ವರ್ಗಾಯಿಸಿ, ಅಲ್ಲಿನ ನಿಲ್ದಾಣವನ್ನು ಊರಾಚೆಗೆ ಸಾಗಿಸಲಾಗುವುದು." ತಮಗೆ ಅಭಿಪ್ರಾಯವಿಲ್ಲವೆಂದು ಓದಿದ ಬೆಳೆಗಾರರೆಲ್ಲ ಹೆಬ್ಬೆರಳೆತ್ತಿದರು. ಎರಡೂ ಪಕ್ಷದವರು ಆಲ್ದೂರಿಗೆ ಓಟು ಕೇಳಲು ಮುಂಗಾರು ಹಿಡಿದ ಮೇಲೆಯೇ ಬರುವುದೆಂದು ನಿರ್ಧರಿಸಿದರು.

ಚನ್ನಬಸವನ ಗಳಿಕೆ ಇಷ್ಟು: ನಿಲ್ದಾಣ ಇದ್ದಲ್ಲೇ ಉಳಿಯಿತು. ಮಾಪನದ ದಿನ ಕಾಫಿ ಮೂಟೆಗೆ ಎಂಟುನೂರು ಏರಿತ್ತು. ಹಿಂದಿನ ದಿನದ ರೇಟಿಗೆ ಬಂದದ್ದು ನಲವತ್ತು ಮೂಟೆ. ನಿವ್ವಳ ಮೂವತ್ತೆರಡು ಸಾವಿರ.