ವಿಚಿಯನ್‌ನ ಟಾರಿನ್ ವ್ರತ

ಮೇಕ್ಲಾಂಗ್ ಪೇಟೆಯ ನಿವೃತ್ತ ಪೋಸ್ಟ್‌ಮಾಸ್ಟರ್ ವಿಚಿಯನ್‌ಗೆ ಅರವತ್ತೇಳು ತುಂಬಿದ ವಾರವೇ ಊಟದ ತಟ್ಟೆಯ ಮುಂದೆ ಸಿಡಿಲು ಬಡಿಯಿತು. ಬಡಿದವಳು ಸ್ವಂತ ಮಗಳು ನರೀರತ್. ಬ್ಯಾಂಕಾಕಿನ ಪ್ರಯೋಗಾಲಯವೊಂದರಲ್ಲಿ ಇಲಿಗಳ ರಕ್ತ ಪರೀಕ್ಷಿಸುವುದು ಅವಳ ಕೆಲಸ.

"ವಯಸ್ಸಾದ ಇಲಿಗಳಲ್ಲಿ ಟಾರಿನ್ ಅನ್ನೋ ಅಮೈನೋ ಆಮ್ಲ ಕಡಿಮೆಯಾಗುತ್ತೆ ಅಪ್ಪ. ಆಗ ರೋಗದ ಜೊತೆ ಹೋರಾಡೋ ಜೀವಕೋಶಗಳು ತೂಕಡಿಸೋಕೆ ಶುರು ಮಾಡ್ತವೆ."

ವಿಚಿಯನ್ ಚಮಚ ಕೆಳಗಿಟ್ಟ. ಹೋದ ವರ್ಷ ಬರೀ ನೆಗಡಿ ಎಂದು ಮಲಗಿದ ಅವನ ಅಣ್ಣ ಮತ್ತೆ ಏಳಲೇ ಇಲ್ಲ.

"ಹಂಗಾದ್ರೆ ನನ್ನವೂ ತೂಕಡಿಸ್ತಾ ಇವೆಯೇನೇ?"

"ಅಯ್ಯೋ, ಇಲಿಗಳದ್ದು ಹೇಳಿದ್ದು! ಮನುಷ್ಯರದ್ದು ಇನ್ನೂ ಖಚಿತವಾಗಿಲ್ಲ."

"ಅದಿರ್ಲಿ. ಟಾರಿನ್ ಯಾವುದರಲ್ಲಿರುತ್ತೆ?"

"ಕಪ್ಪೆಚಿಪ್ಪು, ಸ್ಕ್ವಿಡ್ ಅಂತಾರಲ್ಲ ಆ ಬೊಂಡಾಸ್ ಮೀನು, ಲಾರಿ ಡ್ರೈವರುಗಳು ನಿದ್ದೆ ಬರದಿರ್ಲಿ ಅಂತ ಕುಡಿಯೋ ಎನರ್ಜಿ ಡ್ರಿಂಕಿನ ಪುಟ್ಟ ಬಾಟಲಿ..."

ಮರುದಿನವೇ ಮಹಾವ್ರತ ಆರಂಭ. ಬೆಳಗ್ಗೆ ಒಂದು ಬೋಗುಣಿ ಕಪ್ಪೆಚಿಪ್ಪು, ಮಧ್ಯಾಹ್ನ ಸುಟ್ಟ ಒಣ ಬೊಂಡಾಸ್, ಸಂಜೆ ಎರಡು ಬಾಟಲಿ. ಮನೆಯೆಲ್ಲ ದೋಣಿಗಳಿಂದ ಮೀನು ಇಳಿಸುವ ದಕ್ಕೆಯಂತೆ ನಾರಿತು.

"ಅಪ್ಪ, ಬೆಕ್ಕುಗಳು ನಿಮ್ಮನ್ನೇ ಹಿಂಬಾಲಿಸ್ತಾ ಇವೆ," ಎಂದಳು ಹೆಂಡತಿ ಲಮ್ಯೈ. (ಮಗಳು ಹುಟ್ಟಿದಂದಿನಿಂದ ಗಂಡ ಅವಳಿಗೂ 'ಅಪ್ಪ'ನೇ.)

"ಬರ್ಲಿ ಬಿಡು. ನನ್ನ ಸೈನಿಕರು ಏಳ್ಬೇಕು!"

ಮೂರನೆಯ ವಾರ ಒಂದು ಬೆಳಗ್ಗೆ, ಎದುರು ಮನೆಯ ನಾಯಿಗಳೆಲ್ಲ ಬೊಗಳುವಂತೆ ವಿಚಿಯನ್ ಕಿರುಚಿಕೊಂಡ. ಲಮ್ಯೈ ಓಡಿಬಂದು ನೋಡಿದಳು. ಗಂಡನ ಬಲಗಾಲಿನ ಹೆಬ್ಬೆರಳು ಊದಿ ಟೊಮೇಟೊ ಆಗಿತ್ತು.

"ಹಾವೇನಾದ್ರೂ ಕಡೀತಾ?"

"ಇಲ್ಲ ಕಣೇ, ನೊಣ ಕೂತ್ಕೊಳ್ತು!"

ಫ್ಯಾನಿನ ಗಾಳಿ ತಗುಲಿದರೂ ಪ್ರಾಣ ಹೋಗುತ್ತಿತ್ತು. ಪಕ್ಕದ ಮನೆಯವರ ಮೀನಿನ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಸಾಗಿಸಿದರು. ರಸ್ತೆಯ ಒಂದೊಂದು ಗುಂಡಿಗೂ ಅವನು ಬುದ್ಧನನ್ನು ನೆನೆದ.

ಡಾಕ್ಟರಮ್ಮ ಮೂರು ವಾರದ ಊಟದ ಪಟ್ಟಿ ಕೇಳಿ ಕನ್ನಡಕ ತೆಗೆದಿಟ್ಟರು.

"ಇದು ಗೌಟು. ಅಷ್ಟೊಂದು ಸಮುದ್ರದ ಆಹಾರ ತಿಂದು ಯೂರಿಕ್ ಆಮ್ಲ ಏರಿದೆ. ಅದು ಕೀಲಿನಲ್ಲಿ ಸೂಜಿಯಂಥ ಹರಳಾಗಿದೆ. ಹರಳನ್ನ ಶತ್ರು ಅಂದ್ಕೊಂಡು ನಿಮ್ಮ ರಕ್ಷಣಾ ಕೋಶಗಳು ಹೆಬ್ಬೆರಳಿಗೆ ಮುತ್ತಿಗೆ ಹಾಕಿವೆ."

ವಿಚಿಯನ್ ನೋವಿನಲ್ಲೂ ಕತ್ತೆತ್ತಿದ. "ಅಂದ್ರೆ... ಅವು ತೂಕಡಿಸ್ತಾ ಇಲ್ವಾ?"

"ತೂಕಡಿಸೋದಾ? ಇಪ್ಪತ್ತರ ಹುಡುಗರ ಹಾಗೆ ಕುಣೀತಾ ಇವೆ!"

ಲಮ್ಯೈ ಗಂಡನ ಮುಖ ನೋಡಿದಳು. "ಅಭಿನಂದನೆ ಅಪ್ಪ."

ವಿಚಿಯನ್ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡ. "ನಿಮ್ಮ ದಮ್ಮಯ್ಯ ಡಾಕ್ಟರಮ್ಮ, ಅವುಗಳಿಗೆ ನಿದ್ದೆ ಬರೋ ಮಾತ್ರೆ ಏನಾದ್ರೂ ಬರ್ಕೊಡಿ!"