ಕುಂಗ್‌ಫೂ ಪಿಕ್ಚರಿಗೆ ಕೆಂಪು ಬಾಣ

ಇಸ್ತ್ರಿ ಮೇಜಿನ ಹಿಂದೆ ನಿಂತವನ ಕೈ ಮಾತ್ರ ಕೆಲಸದಲ್ಲಿರುತ್ತದೆ. ಕಣ್ಣು, ಕಿವಿ, ಬಾಯಿ ಮೂರೂ ಬಿಡುವಾಗಿರುತ್ತವೆ. ಹಾಗಾಗಿ ಊರಿನ ತಮಾಷೆಗಳೆಲ್ಲ ನನ್ನ ಮುಂದೆಯೇ ಬಂದು ನಡೆಯುತ್ತವೆ. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ. ಆಂಧ್ರದ ಗಡಿಯ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಪ್ಯಾಂಟುಗಳ ಸುಕ್ಕು ಬಿಡಿಸುತ್ತಿದ್ದ ಕಾಲದ ಮಾತುಗಳು ಇವು.

ಕರೆಂಟ್ ಹೋದ ಮೇಲಿನ ಪಿಕ್ಚರು

ನಮ್ಮ ಕಟಿಂಗ್ ಮಾಸ್ಟರಿಗೆ ಮನೆದೇವರನ್ನು ಬಿಟ್ಟರೆ ಇನ್ನೊಬ್ಬನೇ ದೇವರು. ಹಾಂಗ್‌ಕಾಂಗಿನವನು, ಹಳೇ ಕಾಲದಲ್ಲಿ ಕತ್ತಿವರಸೆಯ ಪಿಕ್ಚರು ತೆಗೆದ ಒಬ್ಬ ಡೈರೆಕ್ಟರು. ಆತನ ಹೆಸರನ್ನು ಮಾಸ್ಟರು ಒಂದೊಂದು ದಿನ ಒಂದೊಂದು ಥರ ಹೇಳುತ್ತಿದ್ದರು. ಕೊನೆಗೆ ಅವರ ನಾಲಿಗೆಯ ಮೇಲೆ ಕರುಣೆ ಹುಟ್ಟಿ ನಾವೆಲ್ಲ ಬರೀ ‘ಡೈರೆಕ್ಟರು’ ಎಂದು ಕರೆಯತೊಡಗಿದೆವು. ಬಳ್ಳಾರಿಗೆ ಬಟ್ಟೆ ತರಲು ಹೋದಾಗಲೆಲ್ಲ ಮಾಸ್ಟರು ಆತನ ಪಿಕ್ಚರಿನ ಸಿ.ಡಿ. ತಂದು, ಭಾನುವಾರ ಮಧ್ಯಾಹ್ನ ಯೂನಿಟ್ಟಿನಲ್ಲೇ ಟೀವಿ ಇಟ್ಟು ಎಲ್ಲರಿಗೂ ತೋರಿಸುತ್ತಿದ್ದರು. ಚೀನಾದ ಗುರುಗಳು ಗಡ್ಡ ನೀವಿಕೊಂಡು ಸೊಗಸಾಗಿ ತೆಲುಗು ಮಾತಾಡುತ್ತಿದ್ದರು. ನಮಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ನಾವೂ ಮನೆಯಲ್ಲಿ ಕನ್ನಡ, ಮಂಡಲ ಆಫೀಸಿನಲ್ಲಿ ತೆಲುಗು ಆಡುವವರೇ. ಗುರುಗಳಿಗೂ ಆಫೀಸಿನ ಕೆಲಸ ಇರಬೇಕು ಅಂದುಕೊಂಡೆವು.

ಒಂದು ಭಾನುವಾರ ಕೊನೆಯ ಹೊಡೆದಾಟಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಜನ ಏಳುವುದರೊಳಗೆ ಮಾಸ್ಟರು, “ಕುಂದರ್ರಿ, ಯಾರೂ ಏಳಬ್ಯಾಡ್ರಿ” ಎಂದು ಬಟ್ಟೆ ಅಳೆಯುವ ಕಬ್ಬಿಣದ ಪಟ್ಟಿ ಹಿಡಿದು ಕಟಿಂಗ್ ಟೇಬಲ್ ಹತ್ತಿದರು. ಮುಂದಿನ ಕಥೆ ಪೂರ್ತಿ ಅವರೇ ಮಾಡಿ ತೋರಿಸಿದರು. ಗುರುವೂ ಅವರೇ, ವೈರಿಯೂ ಅವರೇ, ಕುದುರೆಯೂ ಅವರೇ. ಗುರು ಪ್ರಾಣ ಬಿಟ್ಟಾಗ ನಮಗೆಲ್ಲ ನಿಜವಾಗಿ ಅಳು ಬಂತು. ವೈರಿಯ ತಲೆ ಇನ್ನೇನು ಹಾರಬೇಕು, ಕರೆಂಟ್ ಬಂತು. ಪ್ಲೇಯರು ಪಿಕ್ಚರನ್ನು ಮೊದಲಿನಿಂದ ಶುರುಮಾಡಿತು. ಆಗತಾನೇ ಸತ್ತ ಗುರುಗಳು ಟೀವಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಮಾಲೀಕರಿಗೆ ರೇಗಿತು. “ಯಾರರ ಆ ಟೀವಿ ಆರಿಸ್ರಲೇ! ಮಾಸ್ಟರ್, ನೀವು ಮದ್ಲು ಆ ತಲಿ ಹಾರಿಸಿ ಮುಗಸ್ರಿ!”

ಸುಕ್ಕಿಲ್ಲದ ಗುರು

ಪಿಕ್ಚರು ಮುಗಿದ ಮೇಲೆ ಮಾರ್ಕು ಕೊಡಲೇಬೇಕು, ಇದು ಮಾಸ್ಟರ ಕಾನೂನು. ದೊಡ್ಡ ಊರುಗಳಲ್ಲಿ ಇದಕ್ಕೆ ನಕ್ಷತ್ರ ಕೊಡುತ್ತಾರಂತೆ. ನಾವು ಪ್ಯಾಂಟಿಗೆ ಏನು ಕೊಡುತ್ತೇವೋ ಅದನ್ನೇ ಕೊಟ್ಟೆವು: ಫಸ್ಟ್, ಆಲ್ಟರ್, ರಿಜೆಕ್ಟ್. ಫಸ್ಟ್ ಅಂದರೆ ಮಡಿಸಿ ಕಟ್ಟಿ ಕಳಿಸುವ ಮಾಲು. ಆಲ್ಟರ್ ಅಂದರೆ ಪೀಸು ಒಳ್ಳೆಯದೇ, ಎಲ್ಲೋ ಒಂದು ಕಡೆ ಹೊಲಿಗೆ ತಪ್ಪಿದೆ. ತಪ್ಪಿದ ಜಾಗಕ್ಕೆ ಬಾಣದ ಗುರುತಿನ ಸಣ್ಣ ಕೆಂಪು ಚೀಟಿ ಅಂಟಿಸಿ, ಬಿಚ್ಚಿ ಹೊಲಿಯಲು ಟೈಲರಿಗೆ ವಾಪಸು ಕೊಡುವುದು. ರಿಜೆಕ್ಟಿಗೆ ಚೀಟಿಯ ಭಾಗ್ಯವೂ ಇಲ್ಲ. ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಮೂಲೆಗೆ ಎಸೆಯುವುದೇ.

ಮಾಸ್ಟರು ಡೈರೆಕ್ಟರ ಪಿಕ್ಚರಿಗೆಲ್ಲ ಕಣ್ಣು ಮುಚ್ಚಿ ಫಸ್ಟ್ ಕೊಡುತ್ತಿದ್ದರು. ನನಗೆ ಹೊಡೆದಾಟ ಅಷ್ಟಕ್ಕಷ್ಟೇ. ಆದರೆ ಒಂದು ಪಿಕ್ಚರಿನಲ್ಲಿ ಬಿಳೀ ನಿಲುವಂಗಿಯ ಗುರುವೊಬ್ಬ ಮಾಳಿಗೆಯಿಂದ ಮಾಳಿಗೆಗೆ ಹಾರಿ, ಹೊಳೆಯಲ್ಲಿ ಬಿದ್ದು ಎದ್ದು, ಒಂದು ದಂಡನ್ನೇ ಮಲಗಿಸಿ ಮನೆಗೆ ಬಂದ. ನಿಲುವಂಗಿಯಲ್ಲಿ ಒಂದು ಸುಕ್ಕಿಲ್ಲ! ನಾನು ಎದ್ದು ನಿಂತು ಕೂಗಿದೆ: “ಫಸ್ಟ್! ಫಸ್ಟಿಗಿಂತ ಫಸ್ಟ್!”

ಮಾಸ್ಟರಿಗೆ ಆನಂದಬಾಷ್ಪ. “ನೋಡ್ರಿ, ನಮ್ಮ ಇಸ್ತ್ರಿ ಅಣ್ಣಗೂ ವಿದ್ಯೆ ತಿಳೀತು. ಆ ಗುರು ಅಂದ್ರ ಗುರು!”

“ಗುರು ಹಾಳಾಗ್ಲಿ ಮಾಸ್ಟರ್,” ಅಂದೆ. “ಅವನ ಇಸ್ತ್ರಿಯವ ಯಾರು ಅಂತ ಒಂದೀಟು ಕೇಳಿ ಹೇಳ್ರಿ.”

ವೈರಿಯ ಮೂಗಿನ ಮೇಲೆ

ಮಾಸ್ಟರ ಮಗಳು ನಮ್ಮಲ್ಲೇ ಚೆಕಿಂಗ್ ಟೇಬಲ್ಲಿನಲ್ಲಿದ್ದಳು. ಕೆಂಪು ಚೀಟಿ ಅಂಟಿಸುವವಳು ಅವಳೇ. ಸದಾ ಕೈಗೆ ಸಿಗಲಿ ಎಂದು ನಾಲ್ಕಾರು ಚೀಟಿ ಎಡಗೈ ಬಳೆಗೆ ಅಂಟಿಸಿಕೊಂಡಿರುತ್ತಿದ್ದಳು. ತಪ್ಪು ಕಂಡರೆ ಅವಳ ಕಣ್ಣು ಮನಸ್ಸಿಗೆ ಹೇಳುತ್ತಿರಲಿಲ್ಲ, ನೇರ ಕೈಗೇ ಹೇಳುತ್ತಿತ್ತು.

ಒಂದು ಪಿಕ್ಚರಿನಲ್ಲಿ ರಾಜರ ಕಾಲದ ವೀರನ ಮಣಿಕಟ್ಟಿನಲ್ಲಿ ಕೈಗಡಿಯಾರ ಫಳಕ್ಕನೆ ಹೊಳೆಯಿತು. ಈ ಹುಡುಗಿ ಎದ್ದು ಹೋಗಿ ಟೀವಿಗೆ ಚೀಟಿ ಅಂಟಿಸಿ ಬಂದು ಕೂತಳು. ವೀರ ಗಡಿಯಾರ ಸಮೇತ ಓಡಿಹೋದ. ಚೀಟಿ ಅಲ್ಲೇ ಉಳಿಯಿತು. ಆಮೇಲೆ ರಾಜಕುಮಾರಿ ಬಂದಳು, ಕೆನ್ನೆಗೆ ಕೆಂಪು ಬಾಣ. ವೈರಿ ಬಂದ, ಮೂಗಿನ ಮೇಲೆ ಬಾಣ. ಅವನು ಗರ್ಜಿಸಿದಷ್ಟೂ ನಾವು ಬಿದ್ದು ಬಿದ್ದು ನಕ್ಕೆವು.

ಮಾಸ್ಟರು ಕೆಂಡವಾದರು. “ಏನವಾ ಇದು? ಇದನ್ನ ಬಿಚ್ಚಿ ಹೊಲ್ಯಾಕ ಹಾಂಗ್‌ಕಾಂಗಿಗೆ ಕಳಸ್ಲೇನು?”

“ಕಳಸೋದು ಬಿಡೋದು ನಿಮಗ ಸೇರಿದ್ದು ಅಪ್ಪಾ,” ಅಂದಳು ಮಗಳು. “ಚೆಕಿಂಗ್ ಅಷ್ಟ ನಂದು.”

ಹೋಟ್ಲೋನ ಗತಿ

ಮಡಕಶಿರಾ ಕಡೆಯ ಒಬ್ಬ ಟೈಲರು ನಮ್ಮಲ್ಲಿದ್ದ. ಅದಕ್ಕೂ ಮೊದಲು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದವನು. ಅಲ್ಲಿ ಒಬ್ಬರಿಗೆ ಒಂದೇ ಕೆಲಸ. ಇವನು ವರ್ಷಗಟ್ಟಲೆ ಬರೀ ಕಾಲರ್ ಹೊಲಿದಿದ್ದ. ಕಾಲರ್ ಹೊಲಿದರೆ ದೇವತೆಗಳು ಹೂ ಚೆಲ್ಲಬೇಕು. ಉಳಿದದ್ದೆಲ್ಲ ದೇವರೇ ಗತಿ. ನಮ್ಮ ಹಾಳು ಜೀನ್ಸಿಗೆ ಕಾಲರ್ ಇರುವುದಿಲ್ಲ. ಹಾಗಾಗಿ ಅವನು ಹೊಲಿದದ್ದೆಲ್ಲ ಕೆಂಪು ಬಾಣ ಹೊತ್ತು ವಾಪಸು ಬರುತ್ತಿತ್ತು. ಅವನಿಗೆ ಅದರಿಂದ ಬೇಸರವೇ ಇಲ್ಲ. ಬಾಣ ಅಂಟಿಸುವವಳ ಮೇಲೆ ಅವನಿಗೆ ಜೀವ.

ಮದುವೆಯಾದರೆ ಅವಳನ್ನೇ ಎಂದು ನನ್ನ ಹತ್ತಿರ ಹೇಳಿಕೊಂಡ. ಅವಳ ಮನಸ್ಸು ಯಾರಿಗೂ ಗೊತ್ತಿರಲಿಲ್ಲ. ಮಾಸ್ಟರ ಮನಸ್ಸು ಮಾತ್ರ ಊರಿಗೇ ಗೊತ್ತಿತ್ತು: “ನಮ್ಮ ಡೈರೆಕ್ಟರ್ ಹೋಟ್ಲು ಪಿಕ್ಚರಿಗೆ ಫಸ್ಟ್ ಅನ್ನದವ ನನ್ನ ಅಳಿಯ ಆಗಾಂಗಿಲ್ಲ.”

ಕಷ್ಟ ಅಲ್ಲೇ ಇತ್ತು. ಹೋಟ್ಲು ಪಿಕ್ಚರಿನಲ್ಲಿ ದಾರಿ ಪಕ್ಕದ ಒಂದು ಹೋಟೆಲಿಗೆ ವೀರರು ನುಗ್ಗಿ ಮೇಜು, ಬೆಂಚು, ಗಡಿಗೆ ಎಲ್ಲ ಪುಡಿಗಟ್ಟುತ್ತಾರೆ. ನಾವು ಶಿಳ್ಳೆ ಹೊಡೆಯುವಾಗ ಇವನೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇವನ ತಾಯಿ ಊರಿನಲ್ಲಿ ಎರಡು ಬೆಂಚಿನ ಇಡ್ಲಿ ಹೋಟೆಲು ಇಟ್ಟುಕೊಂಡೇ ಇವನನ್ನು ಸಾಕಿದ್ದಳು.

“ಹೊಡೆದಾಡಲಿ ಕಣಣ್ಣಾ, ಬೇಡ ಅನ್ನಲ್ಲ,” ಎಂದು ಮೂಗು ಒರೆಸಿಕೊಂಡ. “ಆಚೆ ಬಯಲಿಲ್ವಾ? ಪಾಪ, ಹೋಟ್ಲೋನು ಬೆಳಗೆದ್ದು ಚಟ್ನಿ ಅರೆದಿರ್ತಾನಲ್ಲಣ್ಣಾ!”

ಹಾರಿದ್ದು, ಹರಿದದ್ದು

ಅತ್ತು ಕೆಟ್ಟ ಹೆಸರನ್ನು ಹಾರಿ ತೊಳೆದುಕೊಳ್ಳಬೇಕು ಎಂದು ಅವನಿಗೆ ಯಾರು ಹೇಳಿದರೋ ಕಾಣೆ. ಒಂದು ಮಧ್ಯಾಹ್ನ ಮಾಸ್ಟರು ಮತ್ತು ಮಗಳು ಇಬ್ಬರೂ ನೋಡುತ್ತಿರುವಾಗ ಕಟಿಂಗ್ ಟೇಬಲ್ ಹತ್ತಿ, “ಹೂಹಾ!” ಎಂದು ಡೈರೆಕ್ಟರ ವೀರರ ಹಾಗೆ ಕಾಲು ಚಾಚಿ ಪ್ಯಾಂಟಿನ ಬಂಡಲುಗಳ ಮೇಲಿಂದ ಹಾರಿದ. ಇವನು ನೆಲಕ್ಕೆ ಬರುವ ಮೊದಲೇ ಇವನ ಪ್ಯಾಂಟಿನ ಹಿಂಬದಿ ಚರ್ರೆಂದಿತು. ಅದು ಅವನೇ ಹೊಲಿದುಕೊಂಡ ಪ್ಯಾಂಟು.

ಹುಡುಗಿ ಬಳೆಯಿಂದ ಚೀಟಿ ಕಿತ್ತು ಕೈಗೆ ತೆಗೆದುಕೊಂಡಳು. ಹರಿದ ಜಾಗ ನೋಡಿ ಎರಡು ಹೆಜ್ಜೆ ಮುಂದೆ ಬಂದವಳು, ನಾಚಿಕೊಂಡು ಅದನ್ನು ತಂದು ನನ್ನ ಕೈಯಲ್ಲಿಟ್ಟಳು.

“ಅಣ್ಣಾ, ಇದನ್ನ ನೀವಾ ಅಂಟಿಸ್ರಿ.”

ಹೆಣ್ಣು ನೋಡುವ ಶಾಸ್ತ್ರ

ಕೊನೆಗೆ ಟೈಲರು ಮಡಕಶಿರಾದಿಂದ ತಾಯಿಯನ್ನು ಕರೆಸಿಯೇಬಿಟ್ಟ. ಒಂದು ಭಾನುವಾರ ಬೆಳಿಗ್ಗೆ ಮಾಸ್ಟರ ಮನೆಗೆ ಹೆಣ್ಣು ನೋಡಲು ಹೊರಟೆವು. ಹಿರಿಯನಾಗಿ ನಾನೂ ಹೋದೆ. ದಾರಿಯಲ್ಲಿ ಅವನಿಗೆ ಒಂದೇ ಪಾಠ ಹೇಳಿದೆ: “ಮಾಸ್ಟರು ಏನು ಕೇಳಿದ್ರೂ ‘ಫಸ್ಟ್’ ಅನ್ನು. ಬೇರೆ ಮಾತು ಬ್ಯಾಡ.” ಅವನು ಹೊಸ ಅಂಗಿ ಹಾಕಿದ್ದ. ಅದೂ ಸ್ವಂತ ಹೊಲಿಗೆ. ನಾನೇ ಇಸ್ತ್ರಿ ಮಾಡಿಕೊಟ್ಟಿದ್ದರಿಂದ ಸುಕ್ಕಷ್ಟೇ ನೋಡಿದ್ದೆ, ಬೇರೆ ನೋಡಿರಲಿಲ್ಲ.

ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು. “ಹೆಂಗೈತಪಾ ಮಿರ್ಚಿ?” ಅಂದರು ಮಾಸ್ಟರು.

“ಫಸ್ಟ್, ಮಾಸ್ಟ್ರೇ.”

“ತಾಯಿಯವರ ಆರೋಗ್ಯ?”

“ಫಸ್ಟ್, ಮಾಸ್ಟ್ರೇ.”

“ಪಾಪ, ತಂದಿ ತೀರಿಕೊಂಡಿದ್ದು ನೀ ಸಣ್ಣಾಂವ ಇದ್ದಾಗಂತ?”

“ಫಸ್ಟ್, ಮಾಸ್ಟ್ರೇ!”

ತಾಯಿ ಮಗನನ್ನು ತಿರುಗಿ ನೋಡಿದ ನೋಟಕ್ಕೆ ಮಿರ್ಚಿ ಇನ್ನೊಮ್ಮೆ ಬೇಯುತ್ತಿತ್ತು. ಮಾಸ್ಟರು ಅದನ್ನು ಗಮನಿಸದೆ, “ಈಗ ನೋಡ್ರಿ ಅಕ್ಕಾರ, ನಮ್ಮ ಮನಿ ಬಂಗಾರ” ಎಂದು ಹೋಟ್ಲು ಪಿಕ್ಚರನ್ನೇ ಹಚ್ಚಿದರು. ಮೊದಲನೇ ಬೆಂಚು ಮುರಿಯುತ್ತಲೇ ಟೈಲರ ಕಣ್ಣು ತುಂಬಿತು. ಎರಡನೇ ಬೆಂಚಿಗೆ ತಾಯಿ ಕೂಗಿದಳು: “ಅಯ್ಯೋ ನಿಮ್ ಕೈ ಸೇದೋಗ! ಕಾಸು ಕೊಡ್ದೆ ತಿಂದಿದ್ದಲ್ದೆ ಬೆಂಚು ಬೇರೆ ಮುರೀತೀರಾ?” ತಾಯಿ ಮಗ ಇಬ್ಬರೂ ಸೇರಿ ಅಳತೊಡಗಿದರು. ಮಾಸ್ಟರ ಮುಖ ಗಂಟಿಕ್ಕಿತು. ಸಂಬಂಧ ಮುರಿಯಿತು ಅಂದುಕೊಂಡೆ.

ಅದೇ ಹೊತ್ತಿಗೆ ಹುಡುಗಿ ರೇಷ್ಮೆ ಸೀರೆಯುಟ್ಟು ಚಹಾ ತಂದಳು. ಟೈಲರಿಗೆ ಲೋಟ ಕೊಡಲು ಬಾಗಿದವಳ ಕಣ್ಣು ಅವನ ಅಂಗಿಯ ಜೇಬಿನ ಮೇಲೆ ಬಿತ್ತು. ಜೇಬು ಒಂದು ಕಡೆಗೆ ವಾಲಿಕೊಂಡಿತ್ತು. ಸೀರೆ ಹೊಸದಾದರೂ ಬಳೆ ಹಳೆಯದೇ. ಕೈ ತಾನಾಗಿ ಬಳೆಗೆ ಹೋಯಿತು. ಎಲ್ಲರೂ ನೋಡುತ್ತಿದ್ದಂತೆ ಮದುಮಗನಾಗಬೇಕಾದವನ ಎದೆಗೆ ಕೆಂಪು ಬಾಣ ಅಂಟಿತು.

ತಾಯಿ ದಿಗ್ಗನೆ ಎದ್ದಳು. “ಇದೇನಮ್ಮಾ? ಸಂತೇಲಿ ಹೋರಿಗೆ ಗುರುತು ಹಾಕ್ದಂಗೆ ನನ್ ಮಗನ್ಗೆ ಹಾಕ್ತೀಯಾ? ಬೇಡ ಅನ್ನಂಗಿದ್ರೆ ಬಾಯಲ್ಲಿ ಹೇಳು. ಲೇ, ಏಳೋ ಮೇಲೆ!”

ಮಗ ಏಳಲಿಲ್ಲ. ಕೆನ್ನೆಯ ಮೇಲೆ ನೀರಿದ್ದ ಹಾಗೇ ಅವನ ಬಾಯಿ ಕಿವಿಯ ತನಕ ಹೋಗಿತ್ತು. “ಅವ್ವಾ, ರಿಜೆಕ್ಟ್ ಅಲ್ಲ ಕಣವ್ವಾ! ಆಲ್ಟರು! ರಿಜೆಕ್ಟಾಗಿದ್ರೆ ಚೀಟೀನೇ ಇಲ್ಲ!”

“ಹೌದ್ರಿ ಅಕ್ಕಾರ!” ಮಾಸ್ಟರೂ ಪಿಕ್ಚರು ಮರೆತು ಓಡಿ ಬಂದರು. “ಆಲ್ಟರ್ ಅಂದ್ರ ಪೀಸು ಚಲೋ ಐತಿ ಅಂತ. ಒಂದೀಟು ಬಿಚ್ಚಿ ಹೊಲಿದ್ರ ಫಸ್ಟ್!”

ತಾಯಿ ಹುಡುಗಿಯ ಕಡೆ ತಿರುಗಿದಳು. “ಹೌದೇನಮ್ಮಾ?”

ಹುಡುಗಿ ನೆಲ ನೋಡುತ್ತ ಅಂದಳು: “ಕಾಲರ್ ಭಾಳ ಚಲೋ ಐತ್ರಿ ಅತ್ತಿ. ಉಳಿದಿದ್ದು ನಾ ಸರಿ ಮಾಡಿಸ್ತೀನಿ.”

ತಾಯಿ ಮಗನ ಎದೆಯ ಚೀಟಿಯನ್ನು ಮೆಲ್ಲಗೆ ಕಿತ್ತು, ಮಾಸ್ಟರ ಎದೆಗೆ ಒತ್ತಿ ಅಂಟಿಸಿದಳು. “ಹಂಗಾದ್ರೆ ಈ ಬೀಗರ್ನೂ ಒಸಿ ಬಿಚ್ಚಿ ಹೊಲಿಯಮ್ಮ. ಹೆಣ್ಣು ಕೇಳೋಕೆ ಬಂದೋರಿಗೆ ಹೋಟ್ಲು ಒಡೆಯೋದು ತೋರಿಸ್ತಾ ಕೂತವ್ರೆ!”

ಮಾಸ್ಟರು ಎದೆಯ ಬಾಣ ನೋಡಿಕೊಂಡರು, ಅವಳ ಮುಖ ನೋಡಿದರು. “ಅಕ್ಕಾರ, ಈಗ ನೀವು ಬೀಗರು ಅಂದ್ರಿ ಹೌದಿಲ್ಲೋ?”

ತಾಯಿ ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು.

“ಫಸ್ಟ್, ಮಾಸ್ಟ್ರೇ!”